"ಮಗು ಸ್ಕೂಲಿಗೆ ಹೋಗಲ್ವಾ?" ಅಂದವರಿಗೆ ಏನು ಹೇಳೋದು: ಅನುಭವ ಹಂಚಿಕೆ

ಕೇಳಿದ್ದು: 9 ಮತ್ತು 6 ವರ್ಷದ ಮಕ್ಕಳಿಗೆ ಈ ವರ್ಷದಿಂದ ಮನೆಯಲ್ಲೇ ಕಲಿಸುತ್ತಿದ್ದೇವೆ. "ಜನರ ಜೊತೆ ಬೆರೆಯೋಕೇ ಬರಲ್ಲ", "ಅಪ್ಪ ಅಮ್ಮನ ಹುಚ್ಚಿಗೆ ಮಕ್ಕಳು ಬಲಿ", "ಏನೋ ಬಚ್ಚಿಡ್ತಿದ್ದಾರೆ" ಎಂಬ ಮಾತು ನೆಂಟರಿಂದಲೂ ಗುರುತಿಲ್ಲದವರಿಂದಲೂ ಬರುತ್ತಿದೆ. ಸಿಟ್ಟಾಗದೆ, ತಲೆ ತಗ್ಗಿಸದೆ ಉತ್ತರಿಸುವುದು ಹೇಗೆ? ದೊಡ್ಡವಳನ್ನು ಸಿಕ್ಕವರೆಲ್ಲ ಪರೀಕ್ಷೆ ಮಾಡುತ್ತಾರೆ. ಅದಕ್ಕೇನು ಮಾಡಲಿ?

ಉತ್ತರ 1

ಎಲ್ಲರಿಗೂ ಒಂದೇ ಉತ್ತರ ಕೊಡಲು ಹೋಗುವುದೇ ಮೊದಲ ಎಡವಟ್ಟು. ಸಾಲಿನಲ್ಲಿ ಪಕ್ಕ ನಿಂತವರಿಗೆ 10 ಸೆಕೆಂಡಿನ ಮಾತು ಸಾಕು. ಮಕ್ಕಳ ಮೇಲೆ ನಿಜವಾದ ಅಕ್ಕರೆ ಇರುವ ಅಜ್ಜ ಅಜ್ಜಿಯ ಜೊತೆ ಒಮ್ಮೆ ಕೂತು ಅರ್ಧ ಗಂಟೆ ಮಾತಾಡಬೇಕು. ಅಧಿಕಾರಿಗಳಿಗೆ ಬಾಯಿಮಾತು ಬೇಡ, ಕಾಗದ ಬೇಕು. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ: ಗುರುತಿಲ್ಲದವರಿಗೆ ಅರ್ಧ ಗಂಟೆ ವಿವರಿಸಿ ಸುಸ್ತಾಗುತ್ತಾರೆ, ಅಜ್ಜಿಯ ಬಾಯಿಯನ್ನು 10 ಸೆಕೆಂಡಿನಲ್ಲಿ ಮುಚ್ಚಿಸುತ್ತಾರೆ.

ಚಿಕ್ಕ ಉತ್ತರದಲ್ಲಿ ಮೂರು ತುಂಡು ಇರಲಿ. ಹೌದು ಅನ್ನುವುದು, ಕಣ್ಣಿಗೆ ಕಾಣುವಂಥ ಒಂದು ಸಂಗತಿ ಹೇಳುವುದು, ಮಾತು ಅವರ ಕಡೆ ತಿರುಗಿಸುವುದು. "ಹೌದು, ಮನೇಲೇ ಕಲೀತಾಳೆ. ಈ ತಿಂಗಳಿಡೀ ನಕ್ಷೆ ಬಿಡಿಸೋದರಲ್ಲೇ ಮುಳುಗಿದ್ದಾಳೆ. ನಿಮ್ಮ ಮಗ ಈಗೇನು ಓದ್ತಿದ್ದಾನೆ?" ಇಷ್ಟೇ. ಗಟ್ಟಿಯಾಗಿ ನಾಲ್ಕೈದು ಸಲ ಹೇಳಿ ರೂಢಿ ಮಾಡಿಕೊಳ್ಳಿ, ಮನಸ್ಸಿನಲ್ಲಿ ನೆಟ್ಟಗಿರುವ ವಾಕ್ಯ ಬಾಯಿಗೆ ಬಂದಾಗ ತೊದಲುತ್ತದೆ. "ಯಾಕಂದ್ರೆ" ಅಂತ ಶುರು ಮಾಡಿದಿರೋ, ಅದು ಸಮಜಾಯಿಷಿ ಆಯಿತು. ಎದುರಿನವರು ಒಂದೊಂದು ಕಾರಣಕ್ಕೂ ಒಂದೊಂದು ಕೊಂಕು ಹುಡುಕುತ್ತಾರೆ.

ಶಾಲೆಯನ್ನು ಮಾತ್ರ ಬೈಯಬೇಡಿ. ಕೇಳುವವರ ಮಕ್ಕಳು ಶಾಲೆಗೇ ಹೋಗುತ್ತಿರುತ್ತಾರೆ. ನೀವು ಶಾಲೆಯನ್ನು ಜರೆದರೆ "ನೀನು ನಿನ್ನ ಮಕ್ಕಳಿಗೆ ಅನ್ಯಾಯ ಮಾಡ್ತಿದ್ದೀಯ" ಎಂದೇ ಅವರ ಕಿವಿಗೆ ಬೀಳುತ್ತದೆ. ಆಮೇಲೆ ಅವರು ವಾದಿಸುವುದು ನಿಮ್ಮ ಮಕ್ಕಳ ಬಗ್ಗೆ ಅಲ್ಲ, ತಮ್ಮ ಬಗ್ಗೆ.

ಉತ್ತರ 2

ಪರೀಕ್ಷೆ ಮಾಡುವವರ ವಿಷಯ. "ಎಲ್ಲಿ, ಹದಿನೇಳರ ಮಗ್ಗಿ ಹೇಳು ನೋಡೋಣ" ಅಂತ ಒಬ್ಬರು ಕೇಳುತ್ತಾರೆ, ಸುತ್ತ ನಾಲ್ಕು ಜನ ತಿರುಗಿ ನೋಡುತ್ತಾರೆ. ಹದಿನೇಳು ಎಂಟ್ಲೆ ನೂರ ಮೂವತ್ತಾರು ಎಂದು ನಿನ್ನೆ ತಾನೇ ಸಲೀಸಾಗಿ ಹೇಳಿದ ಮಗು ಐದಕ್ಕೇ ತಡವರಿಸಿ ಅಮ್ಮನ ಮುಖ ನೋಡುತ್ತದೆ. ಆ ನೋಟಕ್ಕೆ ಉತ್ತರಿಸಬೇಕಾದವರು ನೀವು, ಮಗುವಲ್ಲ. "ಈಗ ಪರೀಕ್ಷೆ ಬೇಡ. ಅವಳಿಗೆ ಏನಿಷ್ಟ ಅಂತ ಕೇಳಿ, ನಿಲ್ಲಿಸದೆ ಮಾತಾಡ್ತಾಳೆ" ಎಂದು ನಗುಮುಖದಲ್ಲೇ, ಆದರೆ ತಕ್ಷಣ ಹೇಳಿ. ತಡ ಮಾಡಿದರೆ ಮಗುವಿಗೆ "ಇವರು ನನ್ನನ್ನು ಅಳೆಯಬಹುದು, ಅಮ್ಮನೂ ಒಪ್ಪಿದ್ದಾಳೆ" ಅನ್ನಿಸುತ್ತದೆ.

ಮಗುವಿಗೆ ಉತ್ತರ ಗೊತ್ತಿದ್ದರೂ ಹೇಳಿಸಿ ಮೆರೆಸಬೇಡಿ. ಸರಿಯಾಗಿ ಹೇಳಿದರೆ ಮುಂದಿನ ಸಲ ಇನ್ನೂ ಕಷ್ಟದ ಪ್ರಶ್ನೆ ಬರುತ್ತದೆ. ಒಂದು ತಪ್ಪಿದರೆ "ನಾ ಹೇಳಲಿಲ್ವಾ" ಶುರು. ಶಾಲೆಗೆ ಹೋಗುವ ಮಗು ಮಗ್ಗಿ ಮರೆತರೆ ಅದು ಬರೀ ಮರೆವು, ನಿಮ್ಮ ಮಗು ಮರೆತರೆ ಅದು ಹೋಮ್‌ಸ್ಕೂಲಿಂಗ್‌ನ ಸೋಲು. ಈ ಭಾರವನ್ನು 9 ವರ್ಷದವಳ ಹೆಗಲಿಗೆ ಹಾಕಬಾರದು.

ಮಗುವಿನ ಕೈಗೂ ಎರಡು ಮಾತು ಕೊಟ್ಟಿರಿ. "ಯಾವ ಕ್ಲಾಸು?" ಅಂದರೆ "ನಾಲ್ಕನೇ ಕ್ಲಾಸಿನ ವಯಸ್ಸು, ಮನೇಲಿ ಕಲೀತೀನಿ". ಪರೀಕ್ಷೆ ಮಾಡಿದರೆ "ಈಗ ಬೇಡ". ದೊಡ್ಡವರಿಗೆ ಬೇಡ ಅನ್ನುವುದು ಉದ್ಧಟತನವಲ್ಲ ಎಂದು ಮೊದಲೇ ಹೇಳಿರಿ. ನೀವು ಕೊಂಕು ಕೇಳುವ ನೆಂಟರಂತೆ ನಟಿಸಿ, ಅವಳು ಉತ್ತರಿಸಲಿ. ಮೂರು ದಿನ ಐದೈದು ನಿಮಿಷ ಆಡಿದರೆ ಧ್ವನಿ ಗಟ್ಟಿಯಾಗುತ್ತದೆ.

ಉತ್ತರ 3

"ಬೆರೆಯೋಕೆ ಬರಲ್ಲ" ಎನ್ನುವುದಕ್ಕೆ ಉತ್ತರ ಹುಡುಕುವ ಮುಂಚೆ ಅದು ನಿಜವೇ ಎಂದು ನೋಡಿಕೊಳ್ಳಿ. ಒಂದು ಹಾಳೆಯಲ್ಲಿ ಕಳೆದ ನಾಲ್ಕು ವಾರ ಬರೆಯಿರಿ. ಮೂರು ಸಂಗತಿ ಹುಡುಕಿ: ಅದೇ ಮಕ್ಕಳ ಜೊತೆ ವಾರ ವಾರವೂ ಸೇರಿದ್ದುಂಟೇ, ಅಪ್ಪ ಅಮ್ಮನಲ್ಲದ ದೊಡ್ಡವರೊಬ್ಬರಿಂದ ನಿಯಮಿತವಾಗಿ ಏನಾದರೂ ಕಲಿತದ್ದುಂಟೇ, ಅಪ್ಪ ಅಮ್ಮ ಪಕ್ಕದಲ್ಲಿಲ್ಲದೆ ಜಗಳ ಆಡಿ ರಾಜಿಯಾದದ್ದುಂಟೇ. ಮ್ಯೂಸಿಯಂ ಭೇಟಿ, ಒಂದು ದಿನದ ಶಿಬಿರ ಇವೆಲ್ಲ ಈ ಲೆಕ್ಕಕ್ಕೆ ಬರುವುದಿಲ್ಲ. ಸ್ನೇಹ ಬೆಳೆಯುವುದು ಮತ್ತೆ ಮತ್ತೆ ಅದೇ ಮುಖ ನೋಡುವುದರಿಂದ, ಹೊಸ ಹೊಸ ಮುಖಗಳಿಂದಲ್ಲ. ನಮ್ಮಲ್ಲಿ ಅನೇಕರು ಎಡವುವುದು ಇಲ್ಲೇ. ಕ್ಯಾಲೆಂಡರ್ ತುಂಬಿರುತ್ತದೆ, ಮಗುವಿಗೆ ಒಬ್ಬ ಗೆಳತಿಯೂ ಇರುವುದಿಲ್ಲ.

ಮೂರರಲ್ಲಿ ಎರಡು ಖಾಲಿ ಇದ್ದರೆ ಟೀಕೆ ಮಾಡಿದವರು ಸರಿಯಾಗಿಯೇ ಹೇಳಿದ್ದಾರೆ. ವಾದ ಬಿಟ್ಟು ವಾರಕ್ಕೊಂದು ಖಾಯಂ ಗುಂಪು ಹುಡುಕಿ. ಆಟದ ತಂಡ, ಸಂಗೀತ, ನಾಟಕ ಯಾವುದಾದರೂ ಸರಿ, ಕನಿಷ್ಠ ಮೂರು ತಿಂಗಳು ಬಿಡಬೇಡಿ. ಮೂರೂ ತುಂಬಿದ್ದರೆ ಉತ್ತರ ತಾನಾಗಿ ಸಿಕ್ಕಿತು: "ಮಂಗಳವಾರ, ಶುಕ್ರವಾರ ವಾಲಿಬಾಲ್, ಶನಿವಾರ ತಬಲಾ." "ತುಂಬಾ ಬೆರೀತಾರೆ" ಅಂದರೆ ಯಾರೂ ನಂಬುವುದಿಲ್ಲ. ವಾರದ ಹೆಸರು ಹೇಳಿದರೆ ಮಾತು ಅಲ್ಲಿಗೆ ಮುಗಿಯುತ್ತದೆ.

ಉತ್ತರ 4

ಅಜ್ಜ ಅಜ್ಜಿಗೆ ಮಾತಿಗಿಂತ ಎರಡು ಹಾಳೆ ಕೆಲಸ ಮಾಡುತ್ತವೆ. ಮೊದಲ ವಾರವೇ ಒಂದು ಪುಟ ಬರೆಸಿ, ತಾರೀಕು ಹಾಕಿ ಎತ್ತಿಡಿ. ಮೂರು ತಿಂಗಳ ಮೇಲೆ ಅದೇ ವಿಷಯದ ಮೇಲೆ ಇನ್ನೊಂದು ಪುಟ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಮೊದಲನೆಯದರಲ್ಲಿ ಪೂರ್ಣವಿರಾಮವೇ ಇಲ್ಲದ ಏಳು ಸಾಲು, ಒತ್ತಕ್ಷರವೆಲ್ಲ ಜಾರಿ ಕೆಳಗಿನ ಗೆರೆ ಮುಟ್ಟಿದ್ದು ಕಾಣುತ್ತದೆ. ಎರಡನೆಯದರಲ್ಲಿ ಪ್ಯಾರಾ ಬಿಟ್ಟು ಬರೆದದ್ದು, ಒಂದು ಪದ ಹೊಡೆದು ಅದಕ್ಕಿಂತ ಒಳ್ಳೆಯದನ್ನು ಮೇಲೆ ಬರೆದದ್ದು ಕಾಣುತ್ತದೆ. ತಿದ್ದಿದ ಗುರುತು ಅಳಿಸಬೇಡಿ, ಕಲಿತದ್ದಕ್ಕೆ ಅದೇ ಸಾಕ್ಷಿ.

ಉಳಿದ ದಾಖಲೆಗೆ ವಾರಕ್ಕೆ 15 ನಿಮಿಷ ಸಾಕು. ಒಂದು ನೋಟ್‌ಬುಕ್‌ನಲ್ಲಿ ಓದಿದ ಪುಸ್ತಕಗಳ ಪಟ್ಟಿ, ಆ ವಾರ ಮಾಡಿದ್ದು ಐದಾರು ಸಾಲು. ವಿಷಯಕ್ಕೆ ತಿಂಗಳಿಗೆ ಎರಡು ಮೂರು ಹಾಳೆ ಒಂದು ಫೈಲಿಗೆ. ದಿನಾ ಬರೆಯುತ್ತೇನೆ ಎಂದು ಹೊರಟವರು ಮೂರನೇ ವಾರಕ್ಕೇ ಕೈಬಿಡುತ್ತಾರೆ, ವಾರಕ್ಕೊಮ್ಮೆಯದು ಉಳಿಯುತ್ತದೆ.

ಉತ್ತರ 5

ಮೇಲಿನದಕ್ಕೆ ಒಂದು ತಿದ್ದುಪಡಿ. ನೆಂಟರಿಗೆ ಫೈಲು ಒಮ್ಮೆ ತೋರಿಸಿ, ಪ್ರತಿ ತಿಂಗಳೂ ಅಲ್ಲ. ಅದೇ ರೂಢಿಯಾದರೆ ಅವರು ಇನ್ಸ್‌ಪೆಕ್ಟರ್ ಆಗುತ್ತಾರೆ. ತೋರಿಸುವ ಮುಂಚೆ ಮಗುವನ್ನೂ ಕೇಳಿ, ಅದು ಅವಳ ಬರಹ.

"ಇದು ಕಾನೂನಿಗೆ ವಿರುದ್ಧ ಅಲ್ವಾ?" ಎಂಬ ಪ್ರಶ್ನೆಗೆ ಊಹೆಯ ಉತ್ತರ ಕೊಡಬೇಡಿ. ದೇಶದಿಂದ ದೇಶಕ್ಕೆ ಇದು ಪೂರ್ತಿ ಬೇರೆ. ಇಂಗ್ಲೆಂಡಿನ 1996ರ ಶಿಕ್ಷಣ ಕಾಯ್ದೆಯ 7ನೇ ಸೆಕ್ಷನ್ ಮಗುವಿಗೆ ತಕ್ಕ ಶಿಕ್ಷಣ ಶಾಲೆಯಲ್ಲಿ "ಅಥವಾ ಬೇರೆ ರೀತಿಯಲ್ಲಿ" ಸಿಗಬೇಕು ಎನ್ನುತ್ತದೆ. ಅಮೆರಿಕದ 50 ರಾಜ್ಯಗಳಲ್ಲೂ ಒಪ್ಪಿಗೆ ಇದೆ, ಆದರೆ ನ್ಯೂಯಾರ್ಕ್‌ನಲ್ಲಿ ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು, ಟೆಕ್ಸಾಸ್‌ನಲ್ಲಿ ಅಂಥದ್ದಿಲ್ಲ. ಫ್ರಾನ್ಸ್‌ನಲ್ಲಿ ಮೊದಲು ತಿಳಿಸಿದರೆ ಸಾಕಿತ್ತು, 2022ರಿಂದ ಅನುಮತಿ ಪಡೆಯಬೇಕು. ಜರ್ಮನಿಯಲ್ಲಿ ಶಾಲೆ ಕಡ್ಡಾಯ. ನೀವಿರುವ ಕಡೆಯ ನಿಯಮದ ಮೂಲ ಪಾಠ ತಂದು, ನಿಮಗೆ ಸಂಬಂಧಿಸಿದ ಸಾಲಿಗೆ ಗುರುತು ಹಾಕಿ ಫೈಲಿನ ಮೊದಲ ಪುಟದಲ್ಲಿಡಿ. ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಯ 26ನೇ ವಿಧಿ ಎಂಥ ಶಿಕ್ಷಣ ಎಂದು ಆಯ್ದುಕೊಳ್ಳುವ ಹಕ್ಕನ್ನು ಪೋಷಕರಿಗೆ ಕೊಡುತ್ತದೆ ನಿಜ. ಹಾಗಂತ ಸ್ಥಳೀಯ ನಿಯಮದ ಬದಲಿಗೆ ಅದನ್ನು ಮುಂದಿಟ್ಟರೆ ನಡೆಯುವುದಿಲ್ಲ.

ಅಧಿಕಾರಿಗಳು ಕೇಳಿದರೆ ಯಾವ ನಿಯಮದಡಿ, ಏನು ಬೇಕು ಎಂದು ಲಿಖಿತವಾಗಿ ಕೇಳಿ. ಕೇಳಿದಷ್ಟಕ್ಕೆ, ಗಡುವಿನೊಳಗೆ, ತಾರೀಕು ಹಾಕಿ ಉತ್ತರಿಸಿ. ಪ್ರತಿ ಇಟ್ಟುಕೊಳ್ಳಿ. ನಿಯಮದಂತೆ ಕೇಳಿದ್ದನ್ನು ತಡೆಹಿಡಿದರೆ "ಬಚ್ಚಿಡ್ತಿದ್ದಾರೆ" ಎಂಬ ಅನುಮಾನಕ್ಕೆ ನಾವೇ ನೀರೆರೆದಂತೆ.

ಉತ್ತರ 6

ಅಂಕಿಅಂಶ ಹಿಡಿದು ಹೊಡೆದಾಡಬೇಡಿ. "ಹೋಮ್‌ಸ್ಕೂಲ್ ಮಕ್ಕಳೇ ಹೆಚ್ಚು ಅಂಕ ತೆಗೀತಾರೆ" ಎಂಬುದಕ್ಕೆ ಬಹಳ ಜನ ಅಮೆರಿಕದ ಲಾರೆನ್ಸ್ ರಡ್ನರ್ 1999ರಲ್ಲಿ 20,000ಕ್ಕೂ ಹೆಚ್ಚು ಮಕ್ಕಳ ಮೇಲೆ ಮಾಡಿದ ಅಧ್ಯಯನ ತೋರಿಸುತ್ತಾರೆ. ಅದರಲ್ಲಿದ್ದವರು ತಾವಾಗಿ ಭಾಗವಹಿಸಿದ ಕುಟುಂಬಗಳು. ಮನೆಯ ಕಲಿಕೆಯೇ ಮೇಲು ಎಂದು ಇದರಿಂದ ಸಾಬೀತಾಗುವುದಿಲ್ಲ ಎಂದು ರಡ್ನರ್ ಅವರೇ ಬರೆದಿದ್ದಾರೆ. ಇದು ಗೊತ್ತಿರುವವರ ಮುಂದೆ ಆ ಅಂಕಿ ಹೇಳಿದರೆ ನಿಮ್ಮ ಉಳಿದ ಮಾತೂ ಬಿದ್ದುಹೋಗುತ್ತದೆ.

ಇನ್ನೊಂದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. "ನಾವು ಆ ಥರದವರಲ್ಲ" ಎಂದು ತಪ್ಪಿಸಿಕೊಳ್ಳಬೇಡಿ. ಧರ್ಮದ ಕಾರಣಕ್ಕೆ, ಮಗುವಿನ ಕಾಯಿಲೆಗೆ, ಶಾಲೆಯಲ್ಲಿ ಕಿರುಕುಳ ತಾಳಲಾರದೆ, ಹೀಗೆ ಒಂದೊಂದು ಮನೆಗೆ ಒಂದೊಂದು ಕಾರಣ. ನೀವು ಬಚಾವಾಗಲು ಇನ್ನೊಂದು ಕುಟುಂಬವನ್ನು ಮುಂದೆ ತಳ್ಳಿದರೆ ಪೂರ್ವಗ್ರಹ ಹಾಗೇ ಉಳಿಯುತ್ತದೆ, ಅವರ ಮನೆ ಬಾಗಿಲಿಗೆ ಹೋಗುತ್ತದೆ ಅಷ್ಟೇ.

ಮನೆಯಲ್ಲೇ ಇರಿಸಿ ಹಿಂಸಿಸಿದ ಪ್ರಕರಣವೊಂದನ್ನು ಯಾರಾದರೂ ಎತ್ತಿದರೆ ಅಲ್ಲಗಳೆಯಬೇಡಿ. ಅಂಥವು ನಡೆದಿವೆ, ಆ ಮಕ್ಕಳ ಬಗ್ಗೆ ಕಾಳಜಿ ಇರಬೇಕಾದದ್ದೇ. "ಅದಕ್ಕೇ ನಮ್ಮ ಮಕ್ಕಳನ್ನು ವೈದ್ಯರು, ತರಬೇತುದಾರರು, ನೆರೆಯವರು ನಿಯಮಿತವಾಗಿ ನೋಡ್ತಿರ್ತಾರೆ" ಎನ್ನಿ, ಮತ್ತು ಅದು ನಿಜವಾಗಿರಲಿ.

ಉತ್ತರ 7

ಚಿಕ್ಕದೊಂದು. ಗಂಡ ಹೆಂಡತಿ ಒಂದೇ ಉತ್ತರ ಕೊಡಿ. ಒಬ್ಬರು "ಈ ವರ್ಷ ನೋಡೋಣ" ಅಂತಲೂ ಇನ್ನೊಬ್ಬರು "ಹತ್ತನೇವರೆಗೂ ಮನೇಲೇ" ಅಂತಲೂ ಅಂದರೆ ನೆಂಟರು ಆ ಬಿರುಕಿಗೇ ಕೈ ಹಾಕುತ್ತಾರೆ. ವರ್ಷಕ್ಕೊಮ್ಮೆ, ಒಂದು ತಿಂಗಳು ಗೊತ್ತು ಮಾಡಿಕೊಂಡು, ಮುಂದುವರಿಸಬೇಕೇ ಎಂದು ಮಕ್ಕಳನ್ನೂ ಕೂರಿಸಿಕೊಂಡು ತೀರ್ಮಾನಿಸಿ. ಆಗ ಹೇಳಲು ನಿಜವಾದ ಮಾತೊಂದಿರುತ್ತದೆ: "ಪ್ರತಿ ಮಾರ್ಚ್‌ನಲ್ಲಿ ಎಲ್ಲರೂ ಕೂತು ನೋಡ್ತೀವಿ. ಈ ಸಲ ಮುಂದುವರಿಸೋಣ ಅಂತಾಯ್ತು." 6 ವರ್ಷದವನಿಗೆ ಇದ್ಯಾವುದೂ ಬೇಡ. "ನಾನು ಮನೇಲಿ ಕಲೀತೀನಿ, ನಂಗೆ ಡೈನೋಸಾರ್ ಇಷ್ಟ" ಅನ್ನೋದು ಬಂದರೆ ಸಾಕು.