ಯುದ್ಧ ಮುಗಿದ ಮೇಲಿನ ಬೆಲೆ ಏರಿಕೆಗೆ ಬಡ್ಡಿಯೇ ಮದ್ದಾ?

ಪ್ರಶ್ನೆ (ದಾವಣಗೆರೆ, ಎಂ.ಎ. ಅರ್ಥಶಾಸ್ತ್ರ): 1920ರಲ್ಲಿ ಅಮೆರಿಕ ಬಡ್ಡಿ ಏರಿಸಿ ಬೆಲೆ ಇಳಿಸಿತು. 1946ರ ನಂತರ ಬೆಲೆ ಜಿಗಿದರೂ ಹಾಗೆ ಮಾಡಲಿಲ್ಲ. ಎರಡೂ ಮಹಾಯುದ್ಧದ ಬೆನ್ನಿಗೇ ಬಂದವು. ಅರ್ಥಶಾಸ್ತ್ರಜ್ಞರು ಏನು ನೋಡಿ ತೀರ್ಮಾನಕ್ಕೆ ಬರ್ತಾರೆ ಸರ್?

ಉತ್ತರ 1: ಮೊದಲು ನೋಡೋದು ಸರ್ಕಾರದ ಸಾಲವನ್ನ ಯಾರು ಕೊಳ್ತಿದ್ದಾರೆ ಅಂತ. 1920ರ ಹೊತ್ತಿಗೆ ಅಮೆರಿಕದ ಬಜೆಟ್ ಮಿಗತೆಗೆ ಬಂದಿತ್ತು, ಫೆಡ್ (ಅಮೆರಿಕದ ಕೇಂದ್ರ ಬ್ಯಾಂಕ್)ನ ನ್ಯೂಯಾರ್ಕ್ ಶಾಖೆ ಜೂನ್‌ನಲ್ಲಿ ದರವನ್ನ 7%ಗೆ ಒಯ್ದಾಗ ಅದು ನಾಟಿತು. ಆದರೆ 1942ರಿಂದ ಫೆಡ್ ದೀರ್ಘಾವಧಿ ಬಾಂಡಿನ ಬಡ್ಡಿ 2.5% ದಾಟದಂತೆ ಹಿಡಿದಿತ್ತು. ಆ ದರಕ್ಕೆ ಯಾರು ಮಾರಲು ಬಂದರೂ ಕೊಳ್ಳಲೇಬೇಕು, ಕೊಂಡಷ್ಟೂ ಹೊಸ ಹಣ. ಸರ್ಕಾರದ ಖಜಾನೆ ಇಲಾಖೆ ಜೊತೆ 1951ರ ಮಾರ್ಚ್‌ನಲ್ಲಿ ಆದ ಒಪ್ಪಂದದವರೆಗೆ ಅದರ ಕೈ ಕಟ್ಟಿತ್ತು.

ಮೊದಲ ಮಹಾಯುದ್ಧದ ನಂತರ ಬೆಲೆ ಮುಗಿಲಿಗೇರಿದ ಜರ್ಮನಿಯನ್ನೂ ಹೀಗೇ ಓದಿ. 1923ರ ನವೆಂಬರ್ 15ಕ್ಕೆ ಒಂದು ಲಕ್ಷ ಕೋಟಿ ಹಳೇ ಮಾರ್ಕಿಗೆ ಒಂದು ರೆಂಟನ್‌ಮಾರ್ಕ್ ಬಂತು. ಸೊನ್ನೆ ತೆಗೆದದ್ದರಿಂದ ಬೆಲೆ ನಿಲ್ಲಲಿಲ್ಲ. ಅದೇ ದಿನ ಅಲ್ಲಿನ ಕೇಂದ್ರ ಬ್ಯಾಂಕ್ ರೈಶ್‌ಬ್ಯಾಂಕ್ ಸರ್ಕಾರದ ಹುಂಡಿ (ಅಲ್ಪಾವಧಿ ಸಾಲಪತ್ರ) ಕೊಳ್ಳೋದು ನಿಲ್ಲಿಸಿತು. ರೆಂಟನ್‌ಮಾರ್ಕ್ ಹೊರಡಿಸಿದ ಹೊಸ ಬ್ಯಾಂಕಿಗೂ ಸರ್ಕಾರಕ್ಕೆ ಕೊಡುವ ಸಾಲಕ್ಕೆ 120 ಕೋಟಿ ರೆಂಟನ್‌ಮಾರ್ಕಿನ ಮಿತಿ ಇತ್ತು. ಡಿಸೆಂಬರಿನಲ್ಲಿ ಸರ್ಕಾರ ಇನ್ನಷ್ಟು ಕೇಳಿದಾಗ ಆ ಬ್ಯಾಂಕ್ ಕೊಡಲಿಲ್ಲ. ನನ್ನ ಪ್ರಕಾರ ಇಡೀ ಕತೆಯ ಜೀವ ಆ ನಿರಾಕರಣೆ.

ಉತ್ತರ 2: ಎರಡನೇದು, ಜನರ ಕೈಯಲ್ಲಿ ಕೂಡಿಬಿದ್ದ ಹಣ. ಯುದ್ಧದಲ್ಲಿ ಕೂಲಿ ಸಿಗುತ್ತೆ, ಸಾಮಾನು ಸಿಗಲ್ಲ. ಅದಕ್ಕೇ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಕೇನ್ಸ್ 1940ರಲ್ಲಿ ಸಂಬಳದ ಒಂದು ಪಾಲು ಹಿಡಿದಿಟ್ಟು ಯುದ್ಧದ ನಂತರ ಕೊಡಿ ಅಂದರು. ನಮ್ಮಲ್ಲೂ 1971ರ ಯುದ್ಧ, 1972ರ ಬರ, 1973ರ ತೈಲ ಬೆಲೆ ಸೇರಿ 1974-75ರಲ್ಲಿ ಸಗಟು ಬೆಲೆ ಸುಮಾರು 25% ಏರಿತು. 1974ರ ಜುಲೈನಲ್ಲಿ ಬ್ಯಾಂಕ್ ದರ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ) 7ರಿಂದ 9%ಗೆ ಹೋಯ್ತು. ಸಂಬಳದ ಹೆಚ್ಚಳ ಪೂರ್ತಿ, ಹೆಚ್ಚುವರಿ ತುಟ್ಟಿಭತ್ಯೆಯ ಅರ್ಧ ಕಡ್ಡಾಯ ಠೇವಣಿಗೆ. ಎಡವೋದು ವಾಪಸ್ ಕೊಡುವಾಗ: ಅಷ್ಟರಲ್ಲಿ ಸರಕು ಬಂದಿರದಿದ್ದರೆ ಅದೇ ಹಣ ಮತ್ತೆ ಬೆಲೆ ಏರಿಸುತ್ತೆ.

ಪ್ರಶ್ನೆ ಕೇಳಿದವರು: ದಾಸ್ತಾನು ಮಾಡೋರಿಗೆ ಬಡ್ಡಿ ತಟ್ಟುತ್ತಾ?

ಉತ್ತರ 3 (ಚಿತ್ರದುರ್ಗ): ಅಲ್ಲಿ ಬಡ್ಡಿಗಿಂತ ಮಾರ್ಜಿನ್ (ಅಡವಿಟ್ಟ ಮಾಲಿನ ಬೆಲೆಯಲ್ಲಿ ಬ್ಯಾಂಕ್ ಸಾಲ ಕೊಡದೆ ಬಿಡುವ ಪಾಲು) ಚುರುಕು. ರಿಸರ್ವ್ ಬ್ಯಾಂಕ್ 1956ರಲ್ಲಿ ಭತ್ತ, ಅಕ್ಕಿ ಅಡವಿನ ಸಾಲದಿಂದ ಇದನ್ನ ಶುರು ಮಾಡಿತು. ಲೆಕ್ಕ ಹಾಕಿ ನೋಡಿ: ದಾವಣಗೆರೆ ಮಂಡಿಯಲ್ಲಿ 10 ಲಕ್ಷದ ಹತ್ತಿ ಅಡವಿಟ್ಟವರಿಗೆ ಮಾರ್ಜಿನ್ 25% ಇದ್ದಾಗ ಏಳೂವರೆ ಲಕ್ಷ ಸಾಲ. ಅದನ್ನ 50% ಮಾಡಿದರೆ ಐದೇ ಲಕ್ಷ. ಉಳಿದ ಎರಡೂವರೆ ಲಕ್ಷಕ್ಕೆ ಮಾಲು ಬಿಡಬೇಕು. ಹೊರಗೆ ಕೈಸಾಲ ಸಿಕ್ಕರೆ ಮಾತ್ರ ಇದು ಕೆಲಸ ಮಾಡಲ್ಲ. ಬೆಳೆಯೇ ಹೋಗಿ ಗೋದಾಮು ಖಾಲಿ ಇದ್ದರೂ ಅಷ್ಟೇ, ಆಗ ಆಮದು, ಪಡಿತರ ನೋಡಬೇಕು.