ಹಲ್ಲಿನ ಎಕ್ಸ್‌ರೇ ಬಗೆಗಳಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಹಲ್ಲಿನ ದವಾಖಾನೆಗೆ ಕನ್ನಡದಲ್ಲೊಂದು ಮಾಹಿತಿ ಹಾಳೆ ಬರೆದುಕೊಡುತ್ತಿದ್ದೇನೆ. ಅಲ್ಲಿಗೆ ಬರುವ ನಮ್ಮ ಹಿರಿಯರಲ್ಲಿ ವಿಜಯಪುರ, ಕಲಬುರಗಿಯವರೂ ಇದ್ದಾರೆ, ಉಡುಪಿ ಕಡೆಯವರೂ ಇದ್ದಾರೆ. ಎಲ್ಲರಿಗೂ ಓದಿದ ಕೂಡಲೇ ತಿಳಿಯುವ ಮಾತು ಬೇಕು.

ಎಕ್ಸ್‌ರೇ ಅನ್ನೋದನ್ನು ಹಾಗೇ ಬಿಟ್ಟಿದ್ದೇನೆ. ಕ್ಷಕಿರಣ ಅಂತ ಮನೆಯಲ್ಲಿ ಯಾರೂ ಅನ್ನೋದಿಲ್ಲ. ತೊಡಕಿರೋದು ಬಗೆಗಳಲ್ಲಿ. ಡಾಕ್ಟರು ಚೀಟಿಯಲ್ಲಿ ಓಪಿಜಿ (ಎಲ್ಲ ಹಲ್ಲು, ಎರಡೂ ದವಡೆ ಒಂದೇ ಚಿತ್ರದಲ್ಲಿ ಬರುವ ದೊಡ್ಡದು), ಐಓಪಿಎ (ಒಂದೆರಡು ಹಲ್ಲಿನ ಸಣ್ಣದು) ಅಂತ ಬರೆಯುತ್ತಾರೆ. 'ಮೊನ್ನೆ ದೊಡ್ಡದು ತೆಗೆಸಿದ್ದೀನಲ್ಲ, ಮತ್ತೆ ಸಣ್ಣದು ಯಾಕೆ? ಸುಮ್ನೆ ಖರ್ಚು' ಅಂತ ಅಜ್ಜ ಅಜ್ಜಿಯರು ಬೇಜಾರು ಮಾಡಿಕೊಳ್ಳುತ್ತಾರೆ. ದೊಡ್ಡದರಲ್ಲಿ ಎಲ್ಲವೂ ಕಾಣುತ್ತದೆ, ಆದರೆ ಸಣ್ಣ ಹುಳುಕು ಅಷ್ಟು ಸ್ಪಷ್ಟವಾಗಿ ಕಾಣೋದಿಲ್ಲ. ಯಾವುದರಲ್ಲಿ ಏನು ಕಾಣುತ್ತದೆ ಅನ್ನೋದನ್ನು ಹೆಸರೇ ಹೇಳಬೇಕು ಅನ್ನೋದು ನನ್ನ ಆಸೆ.

ಐಓಪಿಎಗೆ 'ಬೇರಿನ ಎಕ್ಸ್‌ರೇ' ಸಾಕು ಅನ್ನಿಸಿದೆ. ಒಂದೆರಡು ಹಲ್ಲು ಮೇಲಿನಿಂದ ಬೇರಿನ ತುದಿವರೆಗೆ, ಸುತ್ತಲಿನ ಎಲುಬಿನ ಸಮೇತ ಅದರಲ್ಲಿ ಬೀಳುತ್ತದೆ. ತುದಿಯಲ್ಲಿ ಕೀವಾಗಿ ಎಲುಬು ಸವೆದಿದ್ದರೆ ಅಲ್ಲಿ ಕಪ್ಪಗೆ ಕಾಣುತ್ತದೆ. ರೂಟ್ ಕೆನಾಲ್‌ಗೆ ಮುಂಚೆ ತೆಗೆಯೋದು ಇದನ್ನೇ.

ಓಪಿಜಿಗೆ ಗದ್ದ ಊರಿ, ಮುಂದಿನ ಹಲ್ಲಲ್ಲಿ ಸಣ್ಣ ಕಡ್ಡಿ ಕಚ್ಚಿ ನಿಲ್ಲಬೇಕು. ಓಲೆ, ಸರ, ಹಲ್ಲಿನ ಸೆಟ್ಟು ತೆಗೆದಿಡಬೇಕು. ಮಷೀನು ತಲೆಯ ಸುತ್ತ ತಿರುಗುತ್ತದೆ. ಒಳಗೇ ಅಡ್ಡ ಮಲಗಿದ ಬುದ್ಧಿಹಲ್ಲೂ ಸಿಗುತ್ತದೆ. 'ಪೂರ್ತಿ ದವಡೆ ಎಕ್ಸ್‌ರೇ' ಅನ್ನಬಹುದಾ? ದವಡೆ ಅಂದರೆ ಕೆಲವರಿಗೆ ದವಡೆ ಹಲ್ಲೇ ನೆನಪಾಗುತ್ತದೆ. ಇಲ್ಲಿನ ಮರಾಠಿಯ 'ದಾಢ' ಕೂಡ ಆ ಹಲ್ಲೇ ಅಲ್ವಾ. 'ಪೂರ್ತಿ ಬಾಯಿ' ಅಂದರೆ ಬೇರೆ ಗೊಂದಲ: ಬಾಯಿ ತುಂಬ ಸಣ್ಣ ಸಣ್ಣ ಫಿಲ್ಮ್ ಇಟ್ಟು ತೆಗೆಯುವ ಪದ್ಧತಿಯೂ ಇದೆ.

ಕಷ್ಟ ಜಾಸ್ತಿ ಕೊಟ್ಟಿದ್ದು ಬೈಟ್‌ವಿಂಗ್. 1925ರಲ್ಲಿ ಅಮೆರಿಕದ ಹೋವರ್ಡ್ ರೇಪರ್ ತಂದ ವಿಧಾನ. ಫಿಲ್ಮಿನ ನಡುವಿನಿಂದ ಚಾಚಿರುವ ಪುಟ್ಟ ಪಟ್ಟಿಯನ್ನು ಕಚ್ಚಿ ಹಿಡಿದರೆ ಮೇಲಿನ, ಕೆಳಗಿನ ಹಿಂದಿನ ಹಲ್ಲುಗಳು ಒಟ್ಟಿಗೇ ಬೀಳುತ್ತವೆ. ಬೇರಿನ ತುದಿ ಬರೋದಿಲ್ಲ. ಎರಡು ಹಲ್ಲು ಒಂದಕ್ಕೊಂದು ತಾಗುವ ಕಡೆ ಶುರುವಾದ ಹುಳುಕು ಕಣ್ಣಿಗೆ ಬೀಳೋದು ಕಷ್ಟ, ಇದರಲ್ಲಿ ಸಿಕ್ಕಿಬೀಳುತ್ತದೆ. 'ಕಚ್ಚು ಎಕ್ಸ್‌ರೇ' ಅಂತ ಒಬ್ಬರು ಸೂಚಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ. ಅಕ್ಲೂಸಲ್ ಅನ್ನೋ ಬಗೆಯಲ್ಲೂ ಫಿಲ್ಮನ್ನು ಕಚ್ಚಿಯೇ ಹಿಡಿಯಬೇಕು. 'ಸಂದಿ ಎಕ್ಸ್‌ರೇ' ಅಂದರೆ ಕೀಲು ನೋವಿನವರು ಮಂಡಿಯದು ಅಂದುಕೊಂಡಾರು. ಹಾಗಾಗಿ 'ಹಲ್ಲುಸಂದಿ ಎಕ್ಸ್‌ರೇ' ಅಂತ ಬರೆದಿದ್ದೇನೆ.

ಇಂಪ್ಲಾಂಟ್‌ಗೆ, ಅಂದರೆ ಎಲುಬಿನಲ್ಲಿ ಕೂರಿಸುವ ಕೃತಕ ಬೇರಿಗೆ, ಮುಂಚೆ ತೆಗೆಸುವ ಸಿಬಿಸಿಟಿಯನ್ನು (ದವಡೆಯ ತ್ರೀಡಿ ಚಿತ್ರ) 'ಸಿಬಿಸಿಟಿ ಸ್ಕ್ಯಾನ್' ಅಂತಲೇ ಬಿಟ್ಟಿದ್ದೇನೆ. ಅದರ ಬಗ್ಗೆ ತಕರಾರಿಲ್ಲ.

ನಿಮ್ಮ ಕಡೆ ಹಲ್ಲುಗಳ ನಡುವಿನ ಜಾಗಕ್ಕೆ ಏನಂತೀರಿ? ಸಂದಿ, ಸಂದು, ಇಕ್ಕಟ್ಟು? ಕಲಬುರಗಿ ಕಡೆಯವರು ದವಡಿ ಅಂದರೆ ಎಲುಬು ಅಂತೀರಾ, ಹಲ್ಲು ಅಂತೀರಾ? ದಯವಿಟ್ಟು ತಿಳಿಸಿ. ಹಾಳೆ ಇನ್ನೂ ಪ್ರಿಂಟಿಗೆ ಹೋಗಿಲ್ಲ.