ಟಾಪ್‌ನ ಬಲಗಡೆ ಲ್ಯಾಚ್ ಬಿಡುತ್ತಿಲ್ಲ: 1994ರ ಮಾಜ್ದಾ ಎಂಎಕ್ಸ್-5

ಪ್ರಶ್ನೆ, ಸುಂಟಿಕೊಪ್ಪದಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವ ಓಡಿಸುತ್ತಿದ್ದ ಎಂಎಕ್ಸ್-5, ಅಂದರೆ ಟಾಪ್ ಮಡಚಿ ಹಿಂದಕ್ಕೆ ಇಳಿಸುವ ಎರಡು ಸೀಟಿನ ಕಾರು, ಈಗ ನನ್ನ ಹತ್ತಿರ ಇದೆ. ಮೇ ಕೊನೆಯಲ್ಲಿ ಟಾಪ್ ಹಾಕಿ ಶೆಡ್ಡಿನಲ್ಲಿ ನಿಲ್ಲಿಸಿದ್ದೆ. ಮಳೆ ಮುಗಿಯಿತಲ್ಲ, ಟಾಪ್ ಇಳಿಸಿ ಒಂದು ಸುತ್ತು ಹೋಗೋಣ ಅಂತ ಮೊನ್ನೆ ಬೆಳಿಗ್ಗೆ ಕೂತೆ. ಟಾಪನ್ನು ಮುಂದಿನ ಗಾಜಿನ ಚೌಕಟ್ಟಿಗೆ ಹಿಡಿದಿಡುವ ಎರಡು ಲ್ಯಾಚ್‌ಗಳಲ್ಲಿ ಎಡಗಡೆಯದು ಸಲೀಸಾಗಿ ಬಿಟ್ಟಿತು. ಬಲಗಡೆಯದು ಅಲ್ಲಾಡುತ್ತಲೇ ಇಲ್ಲ. ಹಿಡಿಯಲ್ಲಿರುವ ಸಣ್ಣ ಗುಂಡಿ ಅರ್ಧಕ್ಕೆ ನಿಲ್ಲುತ್ತದೆ. ಜೋರಾಗಿ ಎಳೆದಾಗ ಕಿರ್ ಅಂತ ಸದ್ದು ಬಂತು, ಹೆದರಿ ಕೈ ಬಿಟ್ಟೆ. ಹೋದ ವರ್ಷವೇ ಇದು ಸ್ವಲ್ಪ ಬಿಗಿ ಅನಿಸಿ ಕೊಬ್ಬರಿ ಎಣ್ಣೆ ಬಿಟ್ಟಿದ್ದೆ. ಇಲ್ಲಿನ ಗ್ಯಾರೇಜಿನವರು ಡ್ರಿಲ್ ಹಾಕಿ ತೆಗೆಯೋಣ ಅನ್ನುತ್ತಾರೆ. ನನಗೆ ಮನಸ್ಸಿಲ್ಲ. ಬೇರೆ ದಾರಿ ಇದೆಯಾ?

ಉತ್ತರ, ಗೋಣಿಕೊಪ್ಪದಿಂದ

ತಮ್ಮಾ, ಡ್ರಿಲ್ ಬೇಡವೇ ಬೇಡ. ಇನ್ನು ಎಳೆಯಲೂ ಬೇಡ. ಆ ಹಿಡಿ ಎರಕದ್ದು. ಬಾಗುವುದಿಲ್ಲ, ಸೀದಾ ಮುರಿಯುತ್ತದೆ. ಮುರಿದರೆ ಇಲ್ಲಿ ಕೂತು ಆ ಪಾರ್ಟ್ ತರಿಸುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತಲ್ವಾ.

ಮೊದಲು ಎಡಗಡೆ ಲ್ಯಾಚನ್ನು ವಾಪಸ್ ಹಾಕಿ. ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಹಿಡಿದಾಗ ಟಾಪ್‌ನ ಮುಂದಿನ ಅಡ್ಡಪಟ್ಟಿ ತಿರುಚಿಕೊಳ್ಳುತ್ತದೆ. ಆ ಭಾರವೆಲ್ಲ ಬಲಗಡೆ ಕೊಕ್ಕೆಯ ಮೇಲೆ ಓರೆಯಾಗಿ ಬೀಳುತ್ತದೆ. ಆಗ ಎಷ್ಟು ಎಳೆದರೂ ಕೊಕ್ಕೆ ಇನ್ನೂ ಕಚ್ಚಿಕೊಳ್ಳುತ್ತದೆ. ಟಾಪ್ ರೆಕ್ಸಿನ್‌ದಾದರೆ ಚಳಿಗೆ ಬಿರುಸಾಗುತ್ತದೆ, ಅದೂ ಹಿಂದಕ್ಕೆ ಎಳೆಯುತ್ತಿರುತ್ತದೆ. ಬೆಳಿಗ್ಗೆ ಈ ಕೆಲಸ ಮಾಡಬೇಡಿ. ಮಧ್ಯಾಹ್ನದವರೆಗೆ ಕಾರನ್ನು ಕಾಫಿ ಕಣದಲ್ಲಿ ಬಿಸಿಲಿಗೆ ನಿಲ್ಲಿಸಿ, ಟಾಪ್ ಮೆತ್ತಗಾಗಲಿ.

ಕೊಬ್ಬರಿ ಎಣ್ಣೆಯ ವಿಷಯ ಹೇಳಿದ್ದು ಒಳ್ಳೆಯದಾಯಿತು. ನನ್ನ ಅನುಮಾನ ಪೂರ್ತಿ ಅದರ ಮೇಲೆಯೇ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ನಮ್ಮ ಕಡೆ ಬೆಳಗಿನ ಚಳಿಯಲ್ಲಿ ಬಾಟಲಿಯೊಳಗೇ ಗಟ್ಟಿಯಾಗಿರುತ್ತದಲ್ಲ, ಗುಂಡಿಯ ಸಂದಿಯಲ್ಲೂ ಅದೇ ಕಥೆ. ಜೊತೆಗೆ ಧೂಳು ಸೇರಿ ಹಳೆಯದಾದರೆ ಅಂಟಾಗುತ್ತದೆ, ಆಮೇಲೆ ಬಿಸಿಲಿಗೂ ಕರಗುವುದಿಲ್ಲ. ತಲೆಗೆ ಎಷ್ಟು ಒಳ್ಳೆಯದೋ ಲ್ಯಾಚಿಗೆ ಅಷ್ಟೇ ಕೆಟ್ಟದ್ದು.

ಇದಕ್ಕೆ ಡಬ್ಲ್ಯೂಡಿ-40 ಸಾಕು, ಹಿಡಿದುಕೊಂಡ ಲೋಹ ಬಿಡಿಸುವ ಸ್ಪ್ರೇ ಅದು. ಡಬ್ಬಿಯ ಕೆಂಪು ನಳಿಗೆ ಹಾಕಿ, ಗುಂಡಿಯ ಸುತ್ತಲಿನ ಸಂದಿಗೆ ಮತ್ತು ಹಿಡಿ ತಿರುಗುವ ಪಿನ್ನಿಗೆ ಸ್ವಲ್ಪ ಸ್ವಲ್ಪವೇ ಬಿಡಿ. ಕೆಳಗೆ ಡ್ಯಾಶ್‌ಬೋರ್ಡಿನ ಮೇಲೆ ಹಳೆ ಬಟ್ಟೆ ಹಾಸಿಕೊಳ್ಳಿ. ಅರ್ಧ ಗಂಟೆ ಬಿಟ್ಟು ಗುಂಡಿಯನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ಬಿಡಿ, ಒತ್ತಿ ಬಿಡಿ. ಒಂದೇ ಸಲಕ್ಕೆ ಆಗದಿದ್ದರೆ ಮತ್ತೆ ಸ್ಪ್ರೇ ಹೊಡೆದು ರಾತ್ರಿಯಿಡೀ ಹಾಗೇ ಬಿಡಿ. ಗುಂಡಿ ಪೂರ್ತಿ ಒಳಗೆ ಹೋಗುವವರೆಗೆ ಹಿಡಿಗೆ ಕೈ ಹಾಕಬೇಡಿ.

ಆಮೇಲೆ ಇಬ್ಬರು ಬೇಕು. ಒಬ್ಬರು ಹೊರಗೆ ನಿಂತು, ಸರಿಯಾಗಿ ಲ್ಯಾಚಿನ ಮೇಲೆ, ಅಂಗೈಯಲ್ಲಿ ಟಾಪ್‌ನ ಮುಂದಿನ ಅಂಚನ್ನು ಕೆಳಕ್ಕೂ ಮುಂದಕ್ಕೂ ಒತ್ತಬೇಕು. ಗಾಜಿನ ಮೇಲೆ ಭಾರ ಬೀಳಬಾರದು. ಒಳಗೆ ಕೂತ ನೀವು ಗುಂಡಿ ಒತ್ತಿಕೊಂಡೇ ಹಿಡಿ ಬಿಚ್ಚಿ. ಕೊಕ್ಕೆಯ ಮೇಲಿನ ಭಾರ ಇಳಿದರೆ ಎರಡು ಬೆರಳೇ ಸಾಕು.

ಬಿಟ್ಟಿತು ಅಂದ ತಕ್ಷಣ ಖುಷಿಯಲ್ಲಿ ಟಾಪ್ ಮಡಚಬೇಡಿ. ಹಿಂದಿನ ಕಿಟಕಿ ಪ್ಲಾಸ್ಟಿಕ್‌ದಾಗಿದ್ದರೆ ಮೊದಲು ಅದರ ಜಿಪ್ ಬಿಚ್ಚಿ ಚಪ್ಪಟೆ ಮಲಗಿಸಿ. ಚಳಿಯಲ್ಲಿ ಹಾಗೇ ಮಡಚಿದರೆ ಸೀಳುತ್ತದೆ. ಒದ್ದೆ ಟಾಪ್ ಮಡಚಿಟ್ಟರೆ ಬೂಷ್ಟು ಗ್ಯಾರಂಟಿ.

ಡಬ್ಲ್ಯೂಡಿ-40 ಬಿಡಿಸುವುದಕ್ಕೆ ಮಾತ್ರ, ಉಳಿಯುವುದಿಲ್ಲ. ಒರೆಸಿ ತೆಗೆದು, ಪಿನ್ನಿಗೆ ಬಿಳಿ ಲಿಥಿಯಂ ಗ್ರೀಸ್ ಕಡಲೆಕಾಳಿನಷ್ಟು ಹಚ್ಚಿ. ಬೀಡಿಂಗ್ ರಬ್ಬರಿಗೆ ಅದು ತಾಗಬಾರದು, ರಬ್ಬರಿಗೆ ಸಿಲಿಕೋನ್ ಸ್ಪ್ರೇ. ಇನ್ನು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಶೆಡ್ಡಿನಲ್ಲೇ ಎರಡೂ ಲ್ಯಾಚ್ ತೆಗೆದು ಹಾಕಿ. ಮಡಿಕೇರಿ ಸುತ್ತಮುತ್ತ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಆ ತೇವದಲ್ಲಿ ನಾಲ್ಕು ತಿಂಗಳು ಮುಟ್ಟದೆ ಇಟ್ಟ ಲೋಹ ಹಿಡಿದುಕೊಳ್ಳದೆ ಇರುತ್ತದಾ?

ಟಾಪ್ ಇಳಿಸಿದ ಮೇಲೆ ಸೀಟಿನ ಹಿಂದೆ ಎರಡೂ ಮೂಲೆಯಲ್ಲಿ ನೀರು ಹೋಗುವ ತೂತು ನೋಡಿ. ತೋಟದೊಳಗೆ ನಿಲ್ಲುವ ಕಾರಲ್ವಾ, ಎಲೆ ಕಟ್ಟಿರುತ್ತದೆ. ಲ್ಯಾಚಿಗಿಂತ ಅದು ದೊಡ್ಡ ಅಪಾಯ. ನೀರು ನಿಂತರೆ ಬಾಗಿಲ ಕೆಳಗಿನ ತಗಡು ಒಳಗಿಂದಲೇ ತಿಂದುಹೋಗುತ್ತದೆ.

ಮತ್ತೆ ಸುಂಟಿಕೊಪ್ಪದಿಂದ

ಅಣ್ಣಾ, ಬಿಟ್ಟಿತು! ಮೊದಲ ದಿನ ಆಗಲಿಲ್ಲ. ರಾತ್ರಿ ಇನ್ನೊಮ್ಮೆ ಸ್ಪ್ರೇ ಬಿಟ್ಟು ಇಟ್ಟಿದ್ದೆ. ಮರುದಿನ ಮಧ್ಯಾಹ್ನ ಗುಂಡಿ ಟಕ್ ಅಂತ ಒಳಗೆ ಹೋಯಿತು. ನಮ್ಮ ತೋಟದ ರೈಟರ್ ಮೇಲಿಂದ ಒತ್ತಿ ಹಿಡಿದರು, ನಾನು ಮೆಲ್ಲಗೆ ಎಳೆದೆ, ಅಷ್ಟೇ. ಸಂದಿಯಲ್ಲಿ ಹಳದಿ ಅಂಟು, ಪಿನ್ನಿನ ಸುತ್ತ ಬಿಳಿ ಪುಡಿ ಇತ್ತು. ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ ಗ್ರೀಸ್ ಹಚ್ಚಿದ್ದೇನೆ. ಹಿಡಿ ಬಿರುಕು ಬಿಟ್ಟಿಲ್ಲ.

ತೂತಿನ ಮಾತು ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಣ್ಣಾ. ಬಲಗಡೆಯದರಲ್ಲಿ ಒಂದು ಹಿಡಿ ಕೊಳೆತ ಸಿಲ್ವರ್ ಓಕ್ ಎಲೆ ಸಿಕ್ಕಿತು. ಈಗ ಒಂದು ಚೊಂಬು ನೀರು ಹೊಯ್ದರೆ ಹಿಂದಿನ ಚಕ್ರದ ಮುಂದೆ ಸುರಿದು ಹೋಗುತ್ತದೆ.